ನಾಲ್ಕು ಮಿಲಿಗ್ರಾಂ ಪೆಪ್ಟೈಡು, ನಾಲ್ಕೂವರೆ ಗಂಟೆ

ಮಚ್ಚು ಕುತ್ತಿಗೆ ಮೇಲಿತ್ತು. ತಣ್ಣಗಿತ್ತು.

ಗುಬ್ಬಿಯ ತೆಂಗಿನಕಾಯಿ ಗೋಡೌನು. ಮಂಗಳವಾರ, ಮೂರು ಗಂಟೆ ಹತ್ತು ನಿಮಿಷ. ಮಚ್ಚಿನ ಆ ತುದಿಯಲ್ಲಿ ಬೆಟ್ಟಸ್ವಾಮಿ. ಹೆಸರಿಗೆ ತಕ್ಕ ಮೈ... ತಲೆಯೊಳಗೂ ಬರೀ ಬಂಡೆ.

"ಏನ್ಲಾ ಯೋಗನರಸಿಂಹ, ಪೊಲೀಸ್ ಕೆಲ್ಸ ಹೋದ್ರೂ ಮೂಸೋ ಚಟ ಹೋಗ್ಲಿಲ್ವಲ್ಲೋ?"

"ಶೀಶೆ ಎಲ್ಲಿ?"

"ಅಪ್ಪಾಜಿಯೋರ ಕುದುರೆ ಲಾಯದಾಗೈತೆ. ನಾಲ್ಕೂವರೆಗಂಟ ತೆಪ್ಪಗೆ ಕುಂತ್ಕೊ. ಆಮ್ಯಾಕೆ ನೀನೇ ಹೋಗಿ ತಗೊ, ಖಾಲಿ ಶೀಶೆ."

"ನಾಲ್ಕೂವರೆ ಯಾಕೆ?"

"ರಾಹುಕಾಲ ಕಣೋ. ಅದು ಮುಗೀದೆ ಅಪ್ಪಾಜಿಯೋರು ಒಳ್ಳೆ ಕೆಲ್ಸಕ್ಕೆ ಕೈ ಹಾಕಲ್ಲ."

ಕದಿಯುವಾಗ ಪಂಚಾಂಗ ನೋಡಲಿಲ್ಲ. ಚುಚ್ಚುವಾಗ ನೋಡ್ತಾರೆ. ನಮ್ಮ ಕಡೆ ದೊಡ್ಡಮನುಷ್ಯರ ಭಕ್ತಿ ಹಾಗೆ ಸಾರ್... ಶಿಫ್ಟಿನ ಮೇಲೆ ಬರುತ್ತೆ, ಹೋಗುತ್ತೆ.

ಶೀಶೆಯ ವಿಷಯ ಹೇಳಿಬಿಡ್ತೀನಿ. ಮಚ್ಚು ಎಲ್ಲಿಗೂ ಹೋಗಲ್ಲ.

ಡಾಕ್ಟರ್ ಶಕೀಲಾ, ತುಮಕೂರು ಮಂಡಿಪೇಟೆಯ ಬುಡನ್ ಸಾಬರ ಮಗಳು. ರೋಗಿ ನೋಡೋ ಡಾಕ್ಟರಲ್ಲ, ಜೀವಕೋಶ ನೋಡೋ ಡಾಕ್ಟರು. ಎಂಟು ತಿಂಗಳು ಕೂತು, ಅಮೈನೋ ಆಸಿಡ್ಡುಗಳನ್ನ ಒಂದೊಂದಾಗಿ ಪೋಣಿಸಿ, ಇಪ್ಪತ್ತು ಮಣಿಯ ಸರ ಮಾಡಿದ್ದರು. ಅದಕ್ಕೆ ಪೆಪ್ಟೈಡು ಅಂತಾರಂತೆ. ಕೈಗೆ ಸಿಕ್ಕಿದ್ದು ನಾಲ್ಕು ಮಿಲಿಗ್ರಾಂ. ಶೀಶೆಯ ತಳಕ್ಕೆ ಅಂಟಿದ ಒಂದಿಷ್ಟು ಬಿಳಿ ಪುಡಿ.

ಅದರಿಂದ ಅವರು ಹೊಸದೊಂದನ್ನ ಕಂಡುಹಿಡಿದರು. ದೊಡ್ಡ ದೊಡ್ಡ ಪ್ರೊಫೆಸರುಗಳು ಕಟ್ಟುಕತೆ ಅಂದರು. ಬುಧವಾರ ಬೆಳಿಗ್ಗೆ ಕಮಿಟಿ ಬರುತ್ತೆ, ಕಣ್ಣೆದುರಿಗೆ ಮಾಡಿ ತೋರಿಸಬೇಕು. ತೋರಿಸದಿದ್ದರೆ ಸುಳ್ಳುಗಾರ್ತಿ ಅನ್ನೋ ಹಣೆಪಟ್ಟಿ. ಕೆಲಸವೂ ಹೋಯ್ತು, ಹೆಸರೂ ಹೋಯ್ತು.

ಸೋಮವಾರ ಲ್ಯಾಬಿನ ಫ್ರಿಜ್ಜಿಂದ ಶೀಶೆ ಮಾಯ! ಶಕೀಲಾ ನನ್ನನ್ನ ಹುಡುಕಿಕೊಂಡು ಬಂದರು.

"ಪೊಲೀಸಿಗೆ ಹೇಳಿದ್ರಾ ಮೇಡಂ?" ಅಂದೆ.

"ಹೇಳ್ದೆ. ನಾಲ್ಕು ಮಿಲಿಗ್ರಾಂ ಅಂದ್ರೆ ಎಷ್ಟು ತೊಲ ಅಂತ ಕೇಳಿದ್ರು."

ಹಿಂದಿನ ವಾರ ಶಕೀಲಾ ದನದಾಸ್ಪತ್ರೆ ಕಾಂಪೌಂಡರುಗಳಿಗೆ ಒಂದು ಭಾಷಣ ಮಾಡಿದ್ದರು. ಜೀವಕೋಶಕ್ಕೆ ಹೊರಗಿಂದ ಆಜ್ಞೆ ಬರುತ್ತೆ, ಬೆಳಿ, ಓಡು, ಅಂತ. ಕೆಲವು ಪ್ರೋಟೀನುಗಳು ಅದನ್ನ ಕೈಯಿಂದ ಕೈಗೆ ದಾಟಿಸ್ತವೆ. ಹೀಗೆ ಹೇಳಿ ಶೀಶೆ ಎತ್ತಿ ತೋರಿಸಿದರು. ಮುಂದಿನ ಸಾಲಲ್ಲಿ ಕುಣಿಗಲ್ ಕಡೆಯ ಶಿವರಾಮಯ್ಯ, ಅಪ್ಪಾಜಿಯ ರೇಸ್ ಕುದುರೆಗೆ ಸೂಜಿ ಹಾಕೋ ಆಸಾಮಿ. ಅಷ್ಟು ಕೇಳಿ ಎದ್ದುಬಿಟ್ಟ. ಹೊರಗೆ ಉಪ್ಪಿಟ್ಟು ಬಡಿಸ್ತಿದ್ದರು.

ಉಳಿದರ್ಧ ಭಾಷಣ ಉಪ್ಪಿಟ್ಟಿನ ಪಾಲು.

"ಓಡು ಅನ್ನೋ ಪುಡಿ ಸಿಕ್ಕಿದೆ ಸ್ವಾಮಿ" ಅಂತ ಧಣಿಗೆ ಹೇಳಿದ. ಧಣಿ ಬೆಟ್ಟಸ್ವಾಮಿಯನ್ನ ಕಳಿಸಿದ. ಅವನ ಮೆಟಡಾರ್ ಲ್ಯಾಬಿನ ಹಿಂದೆ ನಿಂತಿದ್ದನ್ನ ಅಲ್ಲಿನ ಕಸ ಗುಡಿಸೋ ಬಸವಲಿಂಗಮ್ಮ ನೋಡಿದ್ದಳು. ಅದಕ್ಕೇ ನಾನು ಗುಬ್ಬಿಗೆ ಬಂದದ್ದು. ಅದಕ್ಕೇ ಕುತ್ತಿಗೆ ಮೇಲೆ ಮಚ್ಚು.

ಬೆಟ್ಟಸ್ವಾಮಿಗೆ ಬಾಯಾರಿತು. ಎಡಗೈಯಲ್ಲಿ ಎಳನೀರಿಗೆ ತಡಕಾಡಿದ. ಮಚ್ಚು ಒಂದಿಂಚು ಸರಿಯಿತು.

ಒಂದಿಂಚು ಸಾಕು.

ಕಾಯಿ ರಾಶಿಗೆ ಆನಿಸಿದ್ದ ಹಲಗೆಗೆ ಒದ್ದೆ. ಎರಡು ಸಾವಿರ ತೆಂಗಿನಕಾಯಿ ಗುಡುಗುಟ್ಟಿಕೊಂಡು ಉರುಳಿದವು. ಬೆಟ್ಟ ಅಡಿಮೇಲಾಯ್ತು.

ಹೊರಗೆ ನನ್ನ ಯೆಜ್ಡಿ. ಎರಡನೇ ಒದೆತಕ್ಕೆ ಎದ್ದಿತು.

ಸಿ.ಎಸ್. ಪುರ ದಾಟುವಾಗ ಕನ್ನಡಿಯಲ್ಲಿ ಮೆಟಡಾರ್ ಕಾಣಿಸ್ತು. ಎದುರಿಗೆ ಹುಲ್ಲಿನ ಗಾಡಿ. ಪಕ್ಕದ ರಾಗಿ ಹೊಲಕ್ಕೆ ಇಳಿಸಿದೆ, ಹತ್ತಿಸಿದೆ. ಮೆಟಡಾರ್ ಗಾಡಿ ಹಿಂದೆ ಸಿಕ್ಕಿಕೊಂಡು ಅರಚ್ತಿತ್ತು. ಗಾಡಿಯವನು ತಿರುಗಿ ಸಹ ನೋಡಲಿಲ್ಲ. ಅಂಥವರಿಂದಲೇ ಸಾರ್ ಈ ದೇಶದಲ್ಲಿ ನನ್ನಂಥವರು ಬದುಕಿರೋದು.

ಮಾರ್ಕೋನಹಳ್ಳಿ ಕೆರೆ ಏರಿ ಕೆಳಗೆ ಅಪ್ಪಾಜಿಯ ಲಾಯ. ನಾಲ್ಕು ಇಪ್ಪತ್ತಾರು.

ಒಳಗೆ ಪೂಜೆಯೇ ನಡೀತಿತ್ತು! ಹಿತ್ತಾಳೆ ತಟ್ಟೆಯಲ್ಲಿ ಶೀಶೆ. ಅದಕ್ಕೆ ಕುಂಕುಮ, ಒಂದು ಚೆಂಡು ಹೂವು. ಪಕ್ಕದಲ್ಲಿ ಉರಿಯೋ ಕರ್ಪೂರ. ಶಿವರಾಮಯ್ಯ ಸಿರಿಂಜಿಗೆ ನೀರು ಎಳ್ಕೊಂಡು ನಿಂತಿದ್ದ. ಅಪ್ಪಾಜಿ ವಾಚು ನೋಡ್ತಿದ್ದ. ಕುದುರೆ ಇಬ್ಬರನ್ನೂ ನೋಡ್ತಿತ್ತು. ಮೂವರಲ್ಲಿ ಬುದ್ಧಿವಂತ ಕಣ್ಣು ಅದರದೇ.

"ಯಾವನಯ್ಯಾ ನೀನು?" ಅಂದ ಅಪ್ಪಾಜಿ.

"ಭಾಷಣದ ಉಳಿದರ್ಧ ತಂದಿದೀನಿ ಸ್ವಾಮಿ. ಈ ಪುಡಿ ಆಜ್ಞೆ ಕೊಡಲ್ಲ. ಆಜ್ಞೆ ದಾಟಿಸೋ ಪ್ರೋಟೀನಿನ ಬಾಯಿಗೆ ಬಟ್ಟೆ ತುರುಕುತ್ತೆ. ಚುಚ್ಚಿ ನೋಡಿ... ರೇಸ್ ದಿನ ನಿಮ್ಮ ಕುದುರೆ ನಿಂತಲ್ಲೇ ನಿಂತಿರುತ್ತೆ."

ನಾಲ್ಕು ಮಿಲಿಗ್ರಾಂ ಕುದುರೆಗೆ ಸೀನು ಕೂಡ ತರಿಸಲ್ಲ ಅಂತ ಶಕೀಲಾ ಹೇಳಿದ್ದರು. ಅದನ್ನ ನಾನು ಹೇಳೋಕೆ ಹೋಗಲಿಲ್ಲ.

"ಏನ್ರೀ ಶಿವರಾಮಯ್ಯ?"

"ಅಷ್ಟು... ಅಷ್ಟು ಕೇಳ್ಲಿಲ್ಲ ಸ್ವಾಮಿ. ಎದ್ದು ಬಂದ್ಬುಟ್ಟೆ."

"ಹಂಗಾದ್ರೆ ಮೊದ್ಲು ನೀವು ಚುಚ್ಕೊಳಿ. ಓಡ್ತೀರೋ ನಿಲ್ತೀರೋ ನೋಡವ."

ವಿಜ್ಞಾನದ ಮೇಲಿನ ಶಿವರಾಮಯ್ಯನ ನಂಬಿಕೆ ಅಲ್ಲಿಗೆ ಮುಗೀತು. ಕಂಬ ತಬ್ಬಿಕೊಂಡ. ನೋಡೋಕೆ ಚೆನ್ನಾಗಿತ್ತು. ಆದರೆ ಶಕೀಲಾರ ಎಂಟು ತಿಂಗಳು ಈ ಮನುಷ್ಯನ ಕುಂಡೆಯೊಳಗೆ ಹೋಗೋಕೆ ಬಿಡೋ ಹಾಗಿರಲಿಲ್ಲ.

ಅಷ್ಟರಲ್ಲಿ ಮೆಟಡಾರ್ ಬಂದು ನಿಂತಿತು. ಬೆಟ್ಟಸ್ವಾಮಿ ಮಚ್ಚು ಬೀಸ್ತಾ ಒಳಗೆ ನುಗ್ಗಿದ.

ನಾನು ಕುದುರೆ ಕಟ್ಟಿದ ಕೋಣೆಯ ಬಾಗಿಲ ಅಗಣಿ ತೆಗೆದೆ.

ಮಚ್ಚು ನೋಡಿದ ಕುದುರೆ ಅವನನ್ನ ಗೋಡೆಗೆ ಒರೆಸಿ ಹೊರಗೆ ಚಿಮ್ಮಿತು. ಯಾವ ಇಂಜೆಕ್ಷನ್ನೂ ಬೇಕಾಗಲಿಲ್ಲ.

"ಅಯ್ಯೋ ಹಿಡೀರ್ಲಾ!" ಅಪ್ಪಾಜಿ ಪಂಚೆ ಎತ್ತಿಕೊಂಡು ಓಡಿದ. ಹಿಂದೆ ಬೆಟ್ಟಸ್ವಾಮಿ, ಕುಂಟುತ್ತಾ.

ತಟ್ಟೆಯಿಂದ ಶೀಶೆ ಎತ್ತಿಕೊಂಡೆ. ಕಂಬದಿಂದ ದನಿ ಬಂತು.

"ಸಾರ್, ಚುಚ್ಕೊಂಡಿದ್ರೆ ನಂಗೇನಾಗ್ತಿತ್ತು?"

"ಏನೂ ಇಲ್ಲ ಶಿವರಾಮಯ್ಯ. ನಿಮಗೆ ಹೇಳಿದ ಮಾತು ಒಳಗಿಳಿದ್ರೆ ತಾನೇ ತಡೆಯೋದು?"

ರಾತ್ರಿ ಲ್ಯಾಬಲ್ಲಿ ಶಕೀಲಾ ಶೀಶೆಗೆ ಹಚ್ಚಿದ್ದ ಕುಂಕುಮ ಒರೆಸಿದರು. ಶೀಶೆಯನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕರ್ಪೂರದ ಪಕ್ಕ ಇತ್ತು ಮೇಡಂ. ಹಾಳಾಯ್ತಾ?"

"ಸೀಲ್ ಒಡೆದಿಲ್ಲ. ಒಣಗೇ ಇದೆ. ಚಿಕ್ಕ ಸರ ಇದು, ಒಂದು ದಿನದ ಬಿಸಿಗೆ ಹೆದರಲ್ಲ. ನೀರು ಬಿದ್ದಿದ್ರೆ ನಾಳೆವರೆಗೆ ನಂಬೋಕೆ ಆಗ್ತಿರಲಿಲ್ಲ." ಆಮೇಲೆ ಕೂತರು.

ಬುಧವಾರ ಕಮಿಟಿ ಬಂತು. ಮೂರು ಸೂಟು, ವಿಕಿರಣ ಎಣಿಸೋ ಒಂದು ಕೌಂಟರ್ ಯಂತ್ರ. ನಾನು ಬಾಗಿಲಲ್ಲಿ ನಿಂತೆ. ಶಕೀಲಾ ಜೀವಕೋಶದ ರಸ ತುಂಬಿದ ಎರಡು ಟ್ಯೂಬ್ ಇಟ್ಟರು, ಎರಡರಲ್ಲೂ ಆಜ್ಞೆಗೆ ವಿಕಿರಣದ ಗುರುತು. ಪೆಪ್ಟೈಡು ಇಲ್ಲದ್ದನ್ನ ಹಾಕಿದರೆ ಯಂತ್ರ ಕಟಕಟ ಅಂತ ಬಡ್ಕೊಳ್ತು, ಅಂದರೆ ಆಜ್ಞೆ ದಾಟಿದೆ. ಪೆಪ್ಟೈಡು ಇದ್ದದ್ದನ್ನ ಹಾಕಿದರು. ಯಂತ್ರ ಕೆಮ್ಮಲೂ ಇಲ್ಲ. ಮೂರು ಸಲ ಮಾಡಿಸಿದರು. ಮೂರು ಸಲವೂ ಅದೇ.

ಶಕೀಲಾರದ್ದು ಕಟ್ಟುಕತೆ ಅಂತ ಬರೆದಿದ್ದ ಕಮಿಟಿಯ ಅಧ್ಯಕ್ಷರೇ ಮೊದಲು ಸಹಿ ಹಾಕಿದರು. ಪೆನ್ನು ಮುಚ್ಚಿದರು. ನಕ್ಕರು.

"ಕಂಗ್ರಾಚುಲೇಷನ್ಸ್. ನನಗೆ ಮೊದಲಿಂದಲೂ ಡೌಟೇ ಇರಲಿಲ್ಲಮ್ಮ. ಮಿಕ್ಕಿದ್ದನ್ನ ನಮ್ಮ ಲ್ಯಾಬಲ್ಲೇ ಮುಂದುವರಿಸ್ತೀವಿ... ಪ್ಲೀಸ್." ಶೀಶೆ ಆಗಲೇ ಅವರ ಕೋಟಿನ ಜೇಬಿನ ಬಾಯಲ್ಲಿತ್ತು.

ಶಕೀಲಾ ನನ್ನ ಮುಖ ನೋಡಿದರು.

ನಾನು ಹೋಗಿ ಅಧ್ಯಕ್ಷರ ಮಣಿಕಟ್ಟು ಹಿಡಿದೆ. ಮೆತ್ತಗಿತ್ತು.

"ಮೊನ್ನೆಯಿಂದ ಇದಕ್ಕೆ ಕೈ ಹಾಕಿದೋರಲ್ಲಿ ಪ್ಲೀಸ್ ಅಂದಿದ್ದು ನೀವೊಬ್ರೇ ಸಾರ್. ಆದ್ರೂ ಕೆಳಗಿಡಿ."