ಒದ್ದೆ ಕಾಗದದ ಕಟ್ಟುಪಾಡು

ಟೊರಿಲ್‌ಳ ಚಿತ್ರಶಾಲೆಯಲ್ಲಿ ಇದ್ದದ್ದು ಒಂದೇ ಕಟ್ಟುಪಾಡು. ಕಾಗದ ಒದ್ದೆಯಿರುವಾಗ ಟೀಚರನ್ನು ಯಾರೂ ಮಾತಾಡಿಸಕೂಡದು. ಜಲವರ್ಣಕ್ಕೆ ತಾಳ್ಮೆಯೆಂಬುದೇ ಇಲ್ಲ. ಕೈ ಒಂದು ಗಳಿಗೆ ತಡೆದರೂ ಆಕಾಶದ ನಟ್ಟನಡುವೆ ಗೆರೆ ಮೂಡಿ ಕೂತುಬಿಡುತ್ತದೆ.

ಆ ಸಂಜೆ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ ಅವಳು ಬೆಟ್ಟಗಳ ನಡುವೆ ಚಾಚಿದ ಕಡಲಿನ, ಆ ಫ್ಯೋರ್ಡಿನ ಮೇಲಿನ ಆಕಾಶಕ್ಕೆ ನೀಲಿ ಹರಿಸುತ್ತಿದ್ದಳು. ಮಗಳು ಸುನ್ನಿವಾ ಮೂಲೆಯಲ್ಲಿ ಕೂತು ಗಣಿತ ಮಾಡುತ್ತಿದ್ದಳು. ಬಾಗಿಲು ಕಿರ್ರೆಂದಿತು.

ಬಂದವನು ಐವಿಂದ್. ಹಗಲೆಲ್ಲ ದೋಣಿಗಳ ಎಂಜಿನ್ ರಿಪೇರಿ ಮಾಡಿ, ಸಂಜೆ ಅವಳ ತರಗತಿಯಲ್ಲಿ ಅದೇ ದೋಣಿಗಳನ್ನು ಓರೆಕೋರೆಯಾಗಿ ಬಿಡಿಸುವ ಮಹಾಶಯ. ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲೇ ಒಳಗೆ ಬಂದ. ಏನೋ ಹೇಳಲು ಬಾಯಿ ತೆರೆದವನು ಕಾಗದ ನೋಡಿ ಮುಚ್ಚಿಕೊಂಡ. ಗೋಡೆಗೊರಗಿ ನಿಂತ.

ಟೊರಿಲ್‌ಳ ಕುಂಚ ಇನ್ನಷ್ಟು ಬೇಗ ಓಡಿತು. ದೂರದ ಟ್ರೊಮ್ಸೊ ಪಟ್ಟಣದಲ್ಲಿ ಅವನಿಗೆ ಕೆಲಸ ಸಿಕ್ಕಿದೆಯೆಂದು ಮೀನಿನಂಗಡಿಯಲ್ಲಿ ಆಗಲೇ ಕಿವಿಗೆ ಬಿದ್ದಿತ್ತು. ವಿದಾಯ ಹೇಳಲು ಬಂದಿದ್ದಾನೆ, ಇನ್ನೇನು! ಕಳೆದ ಶರತ್ಕಾಲದಲ್ಲಿ ಅವನು ಜೊತೆಯಾಗಿ ಬಾಳೋಣವೇ ಎಂದು ಮನಸ್ಸು ಬಿಚ್ಚಿ ಕೇಳಿದಾಗ "ಸುನ್ನಿವಾಗೆ ಇಷ್ಟವಾಗಲ್ಲ" ಎಂದು ಬಾಯಿ ಮುಚ್ಚಿಸಿದವಳು ಅವಳೇ ತಾನೆ?

ಕಾಗದ ಒಣಗತೊಡಗಿತು. ಒಣಗಿದರೆ ಅವನು ಮಾತಾಡುತ್ತಾನೆ. ಅವಳು ಕುಂಚವನ್ನು ನೀರಿಗದ್ದಿ ಇನ್ನೊಮ್ಮೆ ತೋಯಿಸಿದಳು.

ಓರೆಗಣ್ಣಲ್ಲಿ ನೋಡಿದಳು. ಚಳಿಗೆ ಅವನ ಕಿವಿಗಳು ಕೆಂಪಾಗಿದ್ದವು. ಅವನು ಕಾಗದವನ್ನಲ್ಲ, ಅವಳ ಕತ್ತಿನ ಬಳಿ ಜಾರಿದ ಕೂದಲನ್ನು ನೋಡುತ್ತಿದ್ದ. ಕಣ್ಣುಗಳು ಕೂಡಿದವು. ಅವಳು ಸರಕ್ಕನೆ ತಲೆ ತಗ್ಗಿಸಿ ಮತ್ತೆ ನೀರು ಹಾಕಿದಳು.

ಅವನು ಗಡಿಯಾರ ನೋಡಿದ. ಕೆಮ್ಮಿದ. ಅವಳು ಮತ್ತೂ ನೀರು ಹಾಕಿದಳು. ನೀಲಿಯೆಲ್ಲ ಮಣ್ಣುಬಣ್ಣಕ್ಕೆ ತಿರುಗಿತು.

"ಅಮ್ಮ, ಆ ಕಾಗದಕ್ಕೆ ಇನ್ನೆಷ್ಟು ಸಲ ಸ್ನಾನ ಮಾಡಿಸ್ತೀಯ?" ಸುನ್ನಿವಾ ತಲೆಯೆತ್ತಿದಳು.

"ಸುಮ್ನಿರು. ಒದ್ದೆ ಇದೆ, ಕಾಣಲ್ವಾ?"

"ನೀನೇ ಒದ್ದೆ ಮಾಡ್ತಾ ಇದೀಯ! ನಾನು ಹೀಗೆ ಉಜ್ಜಿದ್ರೆ ನೀನು ಮನೆ ಹಾರಿಹೋಗೋ ಹಾಗೆ ಕೂಗಾಡ್ತಿದ್ದೆ. ಪಾಪ, ಅವರು ಎಷ್ಟು ಹೊತ್ತು ನಿಲ್ಬೇಕು?"

ಐವಿಂದ್‌ನ ತುಟಿಯಂಚಲ್ಲಿ ನಗು ಸುಳಿದು ಮಾಯವಾಯಿತು. ಗುಟ್ಟು ರಟ್ಟಾದ ಮೇಲೆ ಟೊರಿಲ್ ಅಡಗಿಕೊಳ್ಳುವುದಾದರೂ ಎಲ್ಲಿ? ಕುಂಚ ಕೆಳಗಿಟ್ಟಳು.

"ಹೋಗ್ಬೇಡ," ಎಂದಳು. "ನೀನಂದ್ರೆ ನಂಗೆ ಪ್ರಾಣ. ಅವತ್ತು ಸುನ್ನಿವಾ ಹೆಸರು ಹೇಳಿದ್ದು ಸುಳ್ಳು. ಇನ್ನೊಂದ್ಸಲ ಸಂಸಾರ ಮುರಿದ್ರೆ ಅಂತ ಹೆದರಿದ್ದು ನಾನು."

"ನನ್ನ ಹೆಸರಾ?" ಸುನ್ನಿವಾಳ ಪೆನ್ಸಿಲ್ ಕೆಳಗೆ ಬಿತ್ತು. "ನನ್ನನ್ನ ಒಂದು ಮಾತು ಕೇಳಿದ್ಯಾ?"

ಐವಿಂದ್ ಮಾತ್ರ ಬಿಳಿಚಿಕೊಂಡಿದ್ದ. "ಬೆಳಿಗ್ಗೇನೇ ಒಪ್ಕೊಂಡ್ಬಿಟ್ಟೆ, ಟೊರಿಲ್. ಸೋಮವಾರ ಹೊರಡ್ಬೇಕು. ಅದನ್ನೇ ಹೇಳೋಕೆ ಬಂದೆ."

ಟೊರಿಲ್ ಮೇಜಿನ ಅಂಚು ಹಿಡಿದುಕೊಂಡಳು. ತಡವಾಯಿತು. ಬೇರೆ ಯಾರನ್ನೂ ದೂರುವಂತಿರಲಿಲ್ಲ.

"ಫೋನ್ ಮಾಡಿ ಬರಲ್ಲ ಅನ್ನಿ," ಎಂದಳು ಸುನ್ನಿವಾ, ಅದೇನು ಮಹಾ ಎಂಬಂತೆ. "ಇನ್ನೂ ಆಫೀಸಲ್ಲಿ ಯಾರಾದ್ರೂ ಇರ್ತಾರೆ."

ಅವನು ಟೊರಿಲ್‌ಳನ್ನೇ ದಿಟ್ಟಿಸಿದ. "ನಾಳೆ ಮತ್ತೆ ಹೆದರಿಕೆ ಆದ್ರೆ?"

"ಆಗುತ್ತೆ. ಆದ್ರೆ ಈ ಸಲ ನಿನ್ ಹತ್ರಾನೇ ಹೇಳ್ತೀನಿ."

ಅವನು ಜೇಬಿನಿಂದ ಫೋನ್ ತೆಗೆದ. ಅತ್ತ ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು.

"ನಮಸ್ಕಾರ, ಐವಿಂದ್ ಮಾತಾಡ್ತಿರೋದು. ಬೆಳಿಗ್ಗೆ ಕೆಲಸ ಒಪ್ಕೊಂಡಿದ್ನಲ್ಲ, ದಯವಿಟ್ಟು ಕ್ಷಮಿಸಿ, ಬರೋಕಾಗಲ್ಲ... ಕಾರಣವಾ?" ಅವನು ಟೊರಿಲ್ ಕಡೆ ತಿರುಗಿದ. "ಕಾರಣ ಇಲ್ಲೇ ಎದುರಿಗೆ ನಿಂತಿದೆ, ಎರಡೂ ಕೈ ನೀಲಿ ಮಾಡ್ಕೊಂಡು."

ಟೊರಿಲ್ ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಹೋಗಿ ಅವನ ಮುಖವನ್ನು ಹಿಡಿದುಕೊಂಡಳು.