ಎಮರಿ ಚಿವುಟಿದ ಕಾಯಿ

"ಇಲ್ಲೊಂದು ಕಾಯಿ ಇತ್ತಲ್ಲ, ಎಲ್ಲಿ ಹೋಯ್ತು?"

ಪಕ್ಕದ ಮನೆಯ ಎಮರಿ ನನ್ನ ಹಿತ್ತಲಲ್ಲಿ ನಿಂತಿದ್ದ. ಕೈಯಲ್ಲಿ ಬಾಡಿದ ಡೇಲಿಲಿ ಹೂಗಳ ಬಕೆಟ್ಟು, ಮುಖದ ತುಂಬ ಹೆಮ್ಮೆ.

"ಎಲ್ಲಾ ಚಿವುಟಿ ಕ್ಲೀನ್ ಮಾಡ್ದೆ, ಲೊರೀನ್. ಕಾಯಿ ಕಿತ್ರೆ ಗಿಡ ಇನ್ನೊಂದ್ಸಲ ಹೂ ಬಿಡತ್ತಂತೆ."

"ಕೆಂಪು ದಾರ ಕಟ್ಟಿದ್ದೆ. ಕಣ್ಣಿಗೆ ಕಾಣ್ಲಿಲ್ವಾ?"

"ಗಾಳಿಗೆ ಬಂದು ಸಿಕ್ಕೊಂಡಿದೆ ಅನ್ಕೊಂಡೆ..." ಅವನ ಮುಖ ಇಳಿದುಹೋಯಿತು.

ನನಗೆ ಐವತ್ತೆಂಟು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಬೆಳಿಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಊದಿದ ಕಾಲೆಳೆದುಕೊಂಡು ಬರುತ್ತೇನೆ. ಈ ಹೂವಿಗೆ ಒಂದೇ ದಿನದ ಆಯಸ್ಸು, ಬಾಡಿದ್ದನ್ನು ದಿನವೂ ಚಿವುಟಬೇಕು. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ ಎಮರಿ ಈ ಬೇಸಿಗೆಯಿಂದ ಅದನ್ನು ತಾನಾಗಿ ವಹಿಸಿಕೊಂಡಿದ್ದ. ಬೇಡವೆನ್ನಲೂ ನನಗೆ ಶಕ್ತಿ ಇರಲಿಲ್ಲ.

ನನ್ನ ಗಂಡ ವೆಂಡೆಲ್ ತೀರಿಕೊಂಡು ನಾಲ್ಕು ವರ್ಷ. ಅವನು ನೆಟ್ಟ ಕೆಂಪು ಲಿಲಿ ಕಳೆದ ಚಳಿಗಾಲದಲ್ಲಿ ಕೊಳೆತು ಸತ್ತಿತು. ಅದರ ಚಿಟಿಕೆ ಪರಾಗ ಮಾತ್ರ ಫ್ರೀಜರಿನಲ್ಲಿ ಉಳಿದಿತ್ತು. ಜೂನಿನ ಒಂದು ಭಾನುವಾರ ಅದನ್ನು ಹಳದಿ ಲಿಲಿಗೆ ಸವರಿದೆ, ಒಂದೇ ಒಂದು ಕಾಯಿ ಕಚ್ಚಿತು. ಮನೆ ಮಾರಾಟಕ್ಕೆ ಬೋರ್ಡ್ ಹಾಕಿಸಿದ್ದೆ. ಸೆಪ್ಟೆಂಬರಿನಲ್ಲಿ ಟೆನೆಸ್ಸಿ ಬಿಟ್ಟು ಒಹಾಯೋದ ತಂಗಿ ನೋಲಾಳ ಫ್ಲ್ಯಾಟಿಗೆ ಹೋಗುವವಳಿದ್ದೆ. ಅಲ್ಲಿ ಹಿಡಿ ಮಣ್ಣೂ ಇಲ್ಲ. ಆ ಬೀಜಗಳನ್ನಾದರೂ ಲಕೋಟೆಯಲ್ಲಿಟ್ಟು ಒಯ್ಯೋಣ ಅಂದುಕೊಂಡಿದ್ದೆ.

ಅದು ವೆಂಡೆಲ್‌ನ ಲಿಲಿಯ ಪರಾಗದಿಂದ ಕಟ್ಟಿದ ಕಾಯಿ ಎಂದಷ್ಟೇ ಎಮರಿಗೆ ಹೇಳಿ, ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಅವನೊಡನೆ ಮಾತು ಬಿಟ್ಟೆ. ಅವನು ಜಗುಲಿಯಲ್ಲಿ ಟೊಮೆಟೊ ಇಟ್ಟು ಹೋಗುತ್ತಿದ್ದ. ಟೊಮೆಟೊ ಒಳಗೆ ತಂದುಕೊಂಡೆ, ಥ್ಯಾಂಕ್ಸ್ ಹೇಳಲಿಲ್ಲ. ಒಳ್ಳೆಯ ಟೊಮೆಟೊ, ಹಾಳು ಮಾಡುವುದೇಕೆ?

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಹಿಂಬಾಗಿಲು ತಟ್ಟಿದ. ಚರ್ಚಿಗೆಂದು ಇಸ್ತ್ರಿ ಮಾಡಿದ ಶರ್ಟು, ಮೊಣಕಾಲಲ್ಲಿ ಮಣ್ಣು.

"ಬಾ ಇಲ್ಲಿ. ಬೈಯೋದಾದ್ರೆ ಅಲ್ಲೇ ಬಂದು ಬೈ."

ಹಳದಿ ಲಿಲಿ ಎರಡನೇ ಸಲ ಹೂವಿನ ಕಡ್ಡಿ ಎತ್ತಿತ್ತು. ಹೂ ಆಗತಾನೇ ಬಿಚ್ಚಿತ್ತು. ನಾನು ಹೂವನ್ನು ನೋಡಿದೆ, ಅವನು ನನ್ನನ್ನು ನೋಡುತ್ತಿದ್ದ. ನನ್ನ ಕೆನ್ನೆ ಬಿಸಿಯಾಯಿತು. ಈ ವಯಸ್ಸಿನಲ್ಲಿ!

"ವೆಂಡೆಲ್‌ದು ಪರಾಗ ಇನ್ನೂ ಇದ್ಯಾ?"

"ಇದ್ದಿದ್ದೇ ಅಷ್ಟು."

ಬೆನ್ನ ಹಿಂದಿನಿಂದ ಕಾಫಿ ಕಪ್ಪೊಂದನ್ನು ಮುಂದೆ ತಂದ. ಅದರಲ್ಲೊಂದು ನೇರಳೆ ಲಿಲಿ. "ನಮ್ಮನೇದು. ಸೇಲಲ್ಲಿ ತಂದಿದ್ದು, ಹೆಸರೂ ಗೊತ್ತಿಲ್ಲ. ಅವನದರ ಮುಂದೆ ಇದೇನೂ ಅಲ್ಲ. ಆದ್ರೂ..."

"ಕಾಯಿ ಬಲಿಯೋಕೆ ಐವತ್ತು ದಿನ ಬೇಕು, ಎಮರಿ. ಅಷ್ಟೊತ್ತಿಗೆ ನಾನಿರಲ್ಲ. ನೀನೇ ಕಾಯ್ತೀಯಾ?"

"ನಾನಾ? ನಂಬ್ತೀಯಾ ಈ ಕೈನ?"

"ಇಲ್ಲ."

"ಮತ್ತೆ ನೀನೇ ಇರು." ಅವನು ಕಪ್ಪನ್ನು ನನ್ನ ಕೈಗಿಟ್ಟ. "ಹೂ ಚಿವುಟೋದು ಅರ್ಧ ಗಂಟೆ ಕೆಲಸ, ಲೊರೀನ್. ಮೂರಕ್ಕೆ ನಿನ್ನ ಕಾರು ಬರೋ ತನಕ ಎಳೀತಿದ್ದೆ."

ಎಷ್ಟು ದಣಿದಿದ್ದೆ ನಾನು! ಪೆಟ್ಟಿಗೆ ಕಟ್ಟಿ ದಣಿದಿದ್ದೆ, ಒಬ್ಬಳೇ ಉಂಡು ದಣಿದಿದ್ದೆ. ದಿನವೂ ಒಬ್ಬರು ನನ್ನ ದಾರಿ ಕಾಯುತ್ತಿದ್ದರೆಂದು ಕೇಳಿ ಕಣ್ಣು ತುಂಬಿಬಂತು.

ನೇರಳೆ ಹೂವಿನ ಕೇಸರ ಕಿತ್ತು ಹಳದಿಗೆ ಸವರಿದೆ.

"ದಾರ ತರ್ತೀನಿ ಇರು."

"ಇದೆ." ಜೇಬಿನಿಂದ ತೆಗೆದ. ಅದೇ ಕೆಂಪು ದಾರ.

"ನೀನೇ ಕಟ್ಟು. ಎಲ್ಲಿದೆ ಅಂತ ನೆನಪಿರ್ಲಿ."

ಚರ್ಚಿನ ಗಂಟೆ ಹೊಡೆದರೂ ಆ ದಪ್ಪ ಬೆರಳುಗಳಿಂದ ಗಂಟು ಬೀಳಲಿಲ್ಲ. ಕೊನೆಗೆ ನಾನೇ ಅವನ ಕೈ ಹಿಡಿದು ಬಿಗಿದೆ, ಹಿಡಿದ ಕೈ ಬಿಡಲಿಲ್ಲ.

ಸಂಜೆ ನೋಲಾಗೆ ಫೋನ್ ಮಾಡಿ, ಬರುವುದು ಐವತ್ತು ದಿನ ತಡವಾಗುತ್ತದೆ ಎಂದೆ. ಬೀಜ ಬಿತ್ತಿ ಹೂ ನೋಡಲು ಇನ್ನೂ ಎರಡು ವರ್ಷ ಬೇಕೆಂದು ಅವಳಿಗೆ ಹೇಳಲಿಲ್ಲ. ಎಮರಿಗೆ ಹೇಳಿದ್ದೇನೆ.