ಗಡಿಯಾರ ಸರ್ ಹೇಳಿದ ಸುಳ್ಳು

"ಇವತ್ತೂ ಆಗ್ಲಿಲ್ಲ. ಅರ್ಧ ನಿಮಿಷ ಲೇಟು," ಎಂದ ಅವನು, ಸ್ಟಾಪ್‌ವಾಚ್ ಒತ್ತಿ.

ನಾನು ಏದುಸಿರು ಬಿಡುತ್ತಾ ಅವನನ್ನು ದುರುಗುಟ್ಟಿ ನೋಡಿದೆ. ಅವನು ಕಣ್ಣು ತಪ್ಪಿಸಿದ. ಮೊದಮೊದಲು ಅದನ್ನು ನಾಚಿಕೆ ಅಂದುಕೊಂಡು ಒಳಗೊಳಗೇ ಖುಷಿಪಟ್ಟ ಪೆದ್ದಿ ನಾನು.

ಸೇನಾ ಭರ್ತಿ ಕಚೇರಿಯಲ್ಲಿ ಅವನ ಕೆಲಸ ನಮ್ಮಂಥವರನ್ನು ತಯಾರು ಮಾಡುವುದು. ಕಾಗದಪತ್ರ ಜೋಡಿಸಿಕೊಡುತ್ತಾನೆ, ಎತ್ತರ ಅಳೆಯುತ್ತಾನೆ, ಹಿಂದಿನ ಮೈದಾನದಲ್ಲಿ ಓಡಿಸುತ್ತಾನೆ. ಅವನು ಸರಿ ಎಂದವರನ್ನು ಮಾತ್ರ ಪರೀಕ್ಷೆಗೆ ಕಳಿಸುತ್ತಾರೆ. ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದು ಗಡಿಯಾರ ಸರ್ ಎಂದು.

ಈ ಸಲ ತಪ್ಪಿದರೆ ನನ್ನ ವಯಸ್ಸು ಮೀರುತ್ತದೆ, ಮತ್ತೆ ಅವಕಾಶವೇ ಇಲ್ಲ. ಅದು ಅವನಿಗೂ ಗೊತ್ತಿತ್ತು.

ಅನುಮಾನ ಬಂದದ್ದು ಅಕ್ಕನಿಗೆ. "ದಿನಾ ಅದೇ ಅರ್ಧ ನಿಮಿಷನಾ? ದಿನಾ ಅಷ್ಟಷ್ಟೇ ಲೇಟಾಗೋಕೆ ನೀನೇನು ಬಸ್ಸೇನೇ?"

ಮರುದಿನ ಅವಳು ಬೇಲಿಯಾಚೆ ನಿಂತು ಮೊಬೈಲಿನಲ್ಲಿ ನನ್ನ ಓಟದ ಸಮಯ ನೋಡಿದಳು. ನಾನು ಸಮಯಕ್ಕೆ ಮುಂಚೆಯೇ ಮುಗಿಸಿದ್ದೆ. ಅವನು ಮಾತ್ರ ಮತ್ತೆ ಲೇಟು ಎಂದ.

ಕಚೇರಿಗೆ ನುಗ್ಗಿದೆ. ಅವನು ತೂಕದ ಯಂತ್ರ ಒರೆಸುತ್ತಿದ್ದ.

"ಕೆಟ್ಟಿರೋದು ವಾಚಾ, ನೀವಾ?"

ಅವನ ಕಿವಿ ಕೆಂಪಾಯಿತು. "ಪಾಸಾದ್ರೆ ನೀವು ಹೊರಟೋಗ್ತೀರಿ."

"ಹೋಗೋಕೇ ತಾನೇ ಬಂದಿರೋದು!"

"ನಾಳೆ ನಿಜ ಹೇಳೋಣ, ನಾಳೆ ಹೇಳೋಣ ಅಂತ ದಿನಾ ಅನ್ಕೊತಿದ್ದೆ. ನಿಮ್ಮನ್ನ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ. ಪ್ರೀತಿಸ್ತೀನಿ ನಿಮ್ಮನ್ನ."

"ಕಾಲು ಕಟ್ಟಿಹಾಕೋದಕ್ಕೆ ಪ್ರೀತಿ ಅಂತಾರಾ?"

ಮೈಯೆಲ್ಲ ಉರಿಯುತ್ತಿತ್ತು. ಹಾಳಾದ್ದು, ಅದೇ ಹೊತ್ತಿನಲ್ಲಿ ಅವನ ಕೈ ಹಿಡಿದುಕೊಳ್ಳಬೇಕು ಎಂದೂ ಅನ್ನಿಸಿತು. ಹಿಡಿಯಲಿಲ್ಲ.

"ನಿಮ್ಮ ಸಾಹೇಬ್ರಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಅವನೇ ಹೋಗಿ ಹೇಳಿದ. ಪಕ್ಕದ ಕೋಣೆಯಿಂದ ಸಾಹೇಬರ ಬೈಗುಳ ಗೋಡೆ ದಾಟಿ ಕೇಳಿಸಿತು. ಅವನನ್ನು ಉಗ್ರಾಣಕ್ಕೆ ಎತ್ತಿಹಾಕಿದರು. ನನ್ನನ್ನು ಪರೀಕ್ಷೆಗೆ ಕಳಿಸಿದರು, ಪಾಸಾದೆ.

ತರಬೇತಿಗೆ ಹೊರಟ ಬೆಳಿಗ್ಗೆ ಅವನು ಬಸ್ಸಿನಿಂದ ದೂರ, ಕಚೇರಿಯ ಗೇಟಿನ ಹತ್ತಿರ ನಿಂತಿದ್ದ. ಅಕ್ಕ ಕೈ ಹಿಡಿದು ಎಳೆದರೂ ಕೇಳದೆ ಅವನ ಬಳಿ ಹೋದೆ.

"ನಿಮ್ಮನ್ನ ಕ್ಷಮಿಸಿಲ್ಲ."

"ಹ್ಞೂಂ."

"ಇಷ್ಟ ಇಲ್ದಿದ್ರೆ ಇಷ್ಟು ಸಿಟ್ಟು ಬರ್ತಿರ್ಲಿಲ್ಲ. ಅದೂ ಗೊತ್ತಿರ್ಲಿ."

ಅವನ ಮುಖ ಒಮ್ಮೆಲೇ ಅರಳಿತು. "ಹಾಗಾದ್ರೆ..."

"ಹಾಗಾದ್ರೆ ಏನೂ ಇಲ್ಲ! ಹೋಗು ಅನ್ನಿ. ನಿಮ್ಮ ಬಾಯಿಂದ್ಲೇ ಕೇಳ್ಬೇಕು ನಂಗೆ."

ಡ್ರೈವರ್ ಹಾರ್ನ್ ಹೊಡೆದ. ಇವನು ಬಸ್ಸಿನ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ. ಬಸ್ಸು ಬಿಟ್ಟುಹೋದರೂ ಸರಿ ಎಂದು ಹಟ ಹಿಡಿದು ನಿಂತೆ.

"ಹೋಗು," ಎಂದ ಕೊನೆಗೆ.

ಓಡಿಹೋಗಿ ಬಸ್ಸು ಹತ್ತಿದೆ. ನಡೆದು ಹೋಗಿದ್ದರೆ ಅರ್ಧ ದಾರಿಯಿಂದ ಅವನ ಕಡೆಗೇ ತಿರುಗಿಬಿಡುತ್ತಿದ್ದೆ.